ಬೀಗಿತ್ತಿಯರ ಮೂರನೆಯ ಹಲ್ಲು

ಗೋಕಾಕದ ತಮ್ಮ ಅಡುಗೆಮನೆಯಲ್ಲಿ ಭಾಗ್ಯಶ್ರೀಯವರು ಕರದಂಟಿನ ತುಂಡೊಂದನ್ನು ಮುಂದಿನ ಹಲ್ಲಿಗೆ ಕೊಟ್ಟು ಕಡಿದರು. ಕಟಕ್ ಎಂಬ ಆ ಸದ್ದು ಧಾರವಾಡದವರೆಗೂ ಕೇಳಿಸಿತು. ಧಾರವಾಡದ ಮನೆಯ ಗೋಡೆಯ ಪರದೆಯಲ್ಲಿ ಅವರ ಮುಖ ಬಾಗಿಲಿನಷ್ಟು ದೊಡ್ಡದಾಗಿ ಮೂಡಿತ್ತು. ಕೆಳದವಡೆಯ ನಡುವೆ ಎರಡು ಹೊಸ ಹಲ್ಲು ಬೆಳ್ಳಗೆ ನಿಂತಿದ್ದವು. ಅವುಗಳ ಅಂಚಿನಲ್ಲಿ ಗರಗಸಕ್ಕಿರುವಂತೆ ಸಣ್ಣ ಸಣ್ಣ ಕಚ್ಚುಗಳಿದ್ದವು. ಅಂಥ ಕಚ್ಚು ಹೊಸದಾಗಿ ಹುಟ್ಟಿದ ಹಲ್ಲಿಗೆ ಮಾತ್ರ ಇರುತ್ತದೆ, ನಾಲ್ಕು ದಿನ ಕಡಿದು ತಿಂದರೆ ಸವೆದು ಹೋಗುತ್ತದೆ. ಭಾಗ್ಯಶ್ರೀಯವರಿಗೆ ಅರವತ್ತೈದು ವರ್ಷ. ಆ ಹಲ್ಲುಗಳಿಗೆ ಇನ್ನೂ ವರ್ಷ ತುಂಬಿರಲಿಲ್ಲ.

“ಈಗ ಇಡೀ ಬದಾಮಿನೂ ಕಡಿತೀನ್ರಿ ಬೀಗತ್ಯಾರ. ನಿಮ್ಮದು ಯಾವಾಗ?” ಎಂದು ಅವರು ಪರದೆಯ ಆಚೆಯಿಂದ ಕೇಳಿದರು.

ಈಚೆ ಪಲ್ಲವಿಯವರು ಎಳೆ ಎಳೆಯಾಗಿ ಹೆಚ್ಚಿದ ಪೇರಲ ಹಣ್ಣನ್ನು ದವಡೆಯ ಮೂಲೆಯಲ್ಲಿ ನೆನೆಹಾಕಿಕೊಂಡು ಕೂತಿದ್ದರು. ಮೇಲಿನ ಸಾಲಿನ ಮುಂದಿನ ಹಲ್ಲು ಉದುರಿ ಅವರಿಗೆ ವರ್ಷಗಳೇ ಆಗಿದ್ದವು. ಕಟ್ಟಿಸಿದ ಹಲ್ಲಿನ ಸೆಟ್ಟು ಒಸಡಿಗೆ ಒತ್ತಿ ಹುಣ್ಣಾಗುತ್ತಿದ್ದುದರಿಂದ ಅದು ಬಾಯಿಗಿಂತ ಬಟ್ಟಲಲ್ಲೇ ಹೆಚ್ಚು ಹೊತ್ತು ಇರುತ್ತಿತ್ತು. ತಮಗೇನೂ ಅವಸರವಿಲ್ಲ, ಬಂದಾಗ ಬರುತ್ತದೆ ಎಂದು ಅವರು ಬಾಯಿ ಮುಚ್ಚಿಕೊಂಡೇ ನಕ್ಕರು. ಪರದೆ ಆರಿದ ಮೇಲೆ ಅವರ ಹೊಟ್ಟೆ ಧಗಧಗ ಉರಿಯಿತು.

ಪಲ್ಲವಿ, ಭಾಗ್ಯಶ್ರೀ ಎಂಬವು ಅಜ್ಜಿಯರ ಹೆಸರೇ ಎಂದು ಓದುಗರು ಹುಬ್ಬೇರಿಸಬಾರದು. ಇದು ಎರಡು ಸಾವಿರದ ಅರವತ್ತರ ದಶಕದ ಮಾತು. ಆ ಕಾಲಕ್ಕೆ ಅಜ್ಜಿಯರೆಲ್ಲ ಪಲ್ಲವಿ, ರಕ್ಷಿತಾ, ಐಶ್ವರ್ಯಾಗಳೇ. ಹಳೆಯ ಹೆಸರುಗಳು ಮತ್ತೆ ಚೆಂದ ಕಾಣತೊಡಗಿದ್ದರಿಂದ ಮಕ್ಕಳು ಕಲ್ಲವ್ವ, ಸಂಗವ್ವ ಆಗಿದ್ದರು. ಈ ಇಬ್ಬರು ಅಜ್ಜಿಯರ ಒಬ್ಬಳೇ ಮೊಮ್ಮಗಳ ಹೆಸರು ಬಾಳವ್ವ. ಧಾರವಾಡದಲ್ಲಿ ಅವಳನ್ನು ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ಪಲ್ಲವಿಯವರು ತಂದೆಯ ತಾಯಿ, ಅವಳ ಪಾಲಿಗೆ ‘ಆಯಿ’. ರಜೆಗೆ ಹೋದಾಗ ಮಾತ್ರ ಸಿಗುವ ಭಾಗ್ಯಶ್ರೀಯವರು ತಾಯಿಯ ತಾಯಿ, ‘ಗೋಕಾಕ ಅಜ್ಜಿ’.

ಆ ರಜೆಯೇ ಎಲ್ಲಕ್ಕೂ ಕಾರಣ. ಬಾಳವ್ವನ ಕೆಳಗಿನ ಎರಡು ಹಾಲುಹಲ್ಲು ಅಲುಗಲು ಶುರುವಾದದ್ದು ಧಾರವಾಡದಲ್ಲಿ, ಬಿದ್ದದ್ದು ದಸರೆಯ ರಜೆಯಲ್ಲಿ, ಗೋಕಾಕದಲ್ಲಿ. ಬೆಳೆಸಿದವರೊಬ್ಬರು, ಉಂಡವರೊಬ್ಬರು. ಜ್ವರ ಬಂದಾಗ ಹಣೆಗೆ ತಣ್ಣೀರ ಪಟ್ಟಿ ಹಾಕಿದವಳು ನಾನು, ಶಾಲೆಗೆ ಕಳಿಸಿ ಕರೆತಂದವಳು ನಾನು, ಎಂಟು ದಿನದ ಮಟ್ಟಿಗೆ ಹೋದಲ್ಲಿ ಕೂಸು ಎರಡು ಹಲ್ಲು ಕೊಟ್ಟು ಬಂತಲ್ಲ ಎಂದು ಪಲ್ಲವಿಯವರು ಮನಸ್ಸಿನಲ್ಲಿ ಎಷ್ಟು ಸಲ ಅಂದುಕೊಂಡರೋ ಲೆಕ್ಕವಿಲ್ಲ.

ಹಾಲುಹಲ್ಲಿಗೆ ಇಷ್ಟು ಬೆಲೆ ತಂದವಳು ಬೇರೆ ಯಾರೂ ಅಲ್ಲ, ಬಾಳವ್ವನ ತಾಯಿ ಡಾಕ್ಟರ್ ಇಂಚರಾ. ಧಾರವಾಡದ ಒಂದು ಸಂಶೋಧನಾ ಕೇಂದ್ರದಲ್ಲಿ ಅವಳು ಮಕ್ಕಳ ದವಡೆಯನ್ನು ಅಭ್ಯಾಸ ಮಾಡುತ್ತಿದ್ದಳು. ಮಗುವಿನ ಬಾಯಿಯಲ್ಲಿ ಹಾಲುಹಲ್ಲು ಇರುವಾಗಲೇ ಅದರ ಬೇರಿನ ಆಚೆ, ಎಲುಬಿನೊಳಗೆ, ಶಾಶ್ವತ ಹಲ್ಲು ಮೊಗ್ಗಿನಂತೆ ಕಟ್ಟಿಕೊಂಡಿರುತ್ತದೆ. ಆರು ವರ್ಷದ ಸುಮಾರಿಗೆ ಅದು ಹೊರಡಲು ಸಿದ್ಧವಾಗುತ್ತದೆ. ಆಗ ಕೆಲವು ಜೀವಕೋಶಗಳು ಹಾಲುಹಲ್ಲಿನ ಬೇರನ್ನು ಸ್ವಲ್ಪ ಸ್ವಲ್ಪವೇ ಕರಗಿಸುತ್ತ ಬರುತ್ತವೆ. ಬೇರು ಪೂರ್ತಿ ಕರಗಿದ ಮೇಲೆ ಹಲ್ಲು ಅಲುಗಾಡಿ ಬೀಳುತ್ತದೆ. ಬಿದ್ದ ಹಾಲುಹಲ್ಲನ್ನು ಅಂಗೈಯಲ್ಲಿಟ್ಟು ನೋಡಿದರೆ ಅದಕ್ಕೆ ಬೇರೇ ಇಲ್ಲದಿರುವುದು ಅದಕ್ಕೇ.

ಇಷ್ಟು ಎಲ್ಲರಿಗೂ ಗೊತ್ತಿದ್ದದ್ದೇ. ಇಂಚರಾ ಕಂಡುಹಿಡಿದದ್ದು ಅದರ ಮುಂದಿನದು. ಬೀಳುವ ಕೊನೆಯ ವಾರಗಳಲ್ಲಿ ಹಾಲುಹಲ್ಲು ಸುಮ್ಮನಿರುವುದಿಲ್ಲ. ಅದರ ನಡುವಿನ ಮೆತ್ತನೆಯ ತಿರುಳು ಒಂದು ಬಗೆಯ ಪ್ರೋಟೀನನ್ನು ಸೋಸಿ ಒಳಗಿರುವ ಹಲ್ಲಿಗೆ ಕಳಿಸುತ್ತದೆ. ಬಾ, ದಾರಿ ಬಿಟ್ಟಿದ್ದೇನೆ, ಈ ಕಡೆಯಿಂದ ಬಾ ಎಂದು ಹೇಳಿದ ಹಾಗೆ. ಇಂಚರಾ ಅದಕ್ಕೆ ‘ಕರೆ’ ಎಂದು ಹೆಸರಿಟ್ಟಳು. ಆಮೇಲೆ ಒಂದು ಪ್ರಶ್ನೆ ಹಾಕಿಕೊಂಡಳು. ಬಿದ್ದ ಹಲ್ಲಿನಲ್ಲಿ ಉಳಿದಿರುವ ಕರೆಯನ್ನು ಹಲ್ಲಿಲ್ಲದ ಮುದುಕರ ದವಡೆಯಲ್ಲಿ ಕೂಗಿಸಿದರೆ ಏನಾದೀತು?

ಮೂರನೆಯ ಹಲ್ಲು ಬಂದಿತು. ಬಿದ್ದ ಹಾಲುಹಲ್ಲನ್ನು ಕೂಡಲೇ ಒಂದು ಡಬ್ಬಿಯೊಳಗೆ ಹಾಕಬೇಕು. ಮೈಯ ಬಿಸಿಯಷ್ಟೇ ಬೆಚ್ಚಗಿರುವ ದ್ರವದಲ್ಲಿ ಅದನ್ನು ತೇಲಿಸಿಟ್ಟು ಡಬ್ಬಿ ಕರೆಯನ್ನು ಪರೀಕ್ಷಿಸುತ್ತದೆ. ಕರೆ ಮುಗಿಯುವ ಹೊತ್ತಿಗೆ ಬಿದ್ದ ಹಲ್ಲಾದರೆ ಹಸಿರು ದೀಪ. ಇನ್ನೂ ಬಲಿಯದ ಹಲ್ಲನ್ನು ಕಿತ್ತಿದ್ದರೆ ಹಳದಿ. ತಿರುಳು ಸತ್ತಿದ್ದರೆ ಕೆಂಪು. ಹಸಿರು ದೀಪದ ಹಲ್ಲಿನ ತಿರುಳಿಗೆ ಅಜ್ಜಿಯ ಒಸಡಿನ ಜೀವಕೋಶ ಕೂಡಿಸಿ ಸಾಸಿವೆ ಕಾಳಿನಷ್ಟು ಬೀಜ ಮಾಡಿ ದವಡೆಯಲ್ಲಿ ಊರಿದರೆ ಕೆಲವು ತಿಂಗಳಲ್ಲಿ ಹಲ್ಲು ಮೊಳೆಯುತ್ತದೆ. ಹೊರಗಿನವರ ಮಕ್ಕಳ ಹಲ್ಲನ್ನು ಮೈ ಒಪ್ಪುವುದಿಲ್ಲ, ಸ್ವಂತ ಮೊಮ್ಮಕ್ಕಳದೇ ಆಗಬೇಕು. ಒಂದು ಹಾಲುಹಲ್ಲಿಗೆ ಒಂದೇ ಹಲ್ಲು. ತಮ್ಮದೇ ಹಾಲುಹಲ್ಲನ್ನು ಜೋಪಾನ ಮಾಡಿದ್ದರೆ ಇನ್ನೂ ಸುಲಭವಾಗುತ್ತಿತ್ತು. ಆದರೆ ಪಲ್ಲವಿಯವರ ಹಾಲುಹಲ್ಲುಗಳೆಲ್ಲ ಅವರ ಅಜ್ಜಿಯ ಕಾಲದಲ್ಲೇ ಸಗಣಿಯ ಉಂಡೆಯೊಳಗೆ ಸೇರಿ ಹಂಚಿನ ಮೇಲೆ ಹೋಗಿದ್ದವು.

ಡಬ್ಬಿ ಮನೆಮನೆಗೆ ಬಂದದ್ದೇ ತಡ, ನಾಡಿನಲ್ಲಿ ಮೊಮ್ಮಕ್ಕಳ ಮೇಲೆ ಪ್ರೀತಿ ಉಕ್ಕಿ ಹರಿಯಿತು. ಹಬ್ಬಕ್ಕೂ ಬಾರದಿದ್ದ ಅಜ್ಜಂದಿರು ಹಲ್ಲು ಅಲುಗುತ್ತದೆ ಎಂದರೆ ಓಡಿ ಬಂದರು. ಮದುವೆಯ ಮನೆಗಳಲ್ಲಿ ಹಿರಿಯರು ಮಕ್ಕಳ ಗಲ್ಲ ಹಿಡಿದು ಬಾಯಿ ತೆರೆಸಿ ನೋಡುವುದು ದನದ ಸಂತೆಯನ್ನು ನೆನಪಿಗೆ ತರುತ್ತಿತ್ತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ಪಠ್ಯಪುಸ್ತಕದಿಂದ ತೆಗೆಯಬೇಕೆಂದು ಯಾರೋ ಭಾಷಣವನ್ನೂ ಮಾಡಿದರು.

ಇಂಚರಾಳ ಮನೆಯಲ್ಲಿ ಮಾತ್ರ ಗಾದೆ ಬೇರೆಯಾಗಿತ್ತು. ಒಂದೇ ಬಾಯಿ, ಇಬ್ಬರು ಅಜ್ಜಿಯರು. ಮೇಲಿನ ಮುಂದಿನ ಹಲ್ಲು ಇಬ್ಬರಿಗೂ ಸ್ವಂತದ್ದಿರಲಿಲ್ಲ, ಭಾಗ್ಯಶ್ರೀಯವರದೂ ಕಟ್ಟಿಸಿದ್ದೇ, ಇಬ್ಬರಿಗೂ ಬೇಕಾಗಿತ್ತು. ಮೊದಲ ಎರಡು ಹಲ್ಲು ಗೋಕಾಕದ ಪಾಲಾದ ಮೇಲೆ ಅತ್ತೆ ಊಟಕ್ಕೆ ಬಡಿಸುವಾಗ ಪಾತ್ರೆಯ ಸದ್ದು ಹೆಚ್ಚಾದದ್ದನ್ನು ಇಂಚರಾ ಗಮನಿಸಿದ್ದಳು. ಅವಳ ಗಂಡ ಪ್ರಣವ ಜಾಣ, ಹಲ್ಲಿನ ಮಾತು ಬಂದರೆ ಎದ್ದು ಹೋಗುತ್ತಿದ್ದ. ಕೊನೆಗೆ ಅವಳೇ ಇಬ್ಬರನ್ನೂ ಪರದೆಯ ಎದುರು ಕೂರಿಸಿ ತೀರ್ಪು ಕೊಟ್ಟಳು.

“ಅತ್ತಿ, ಅವ್ವಾ, ಇಬ್ರೂ ಕೇಳ್ರಿ. ಹಲ್ಲು ಯಾರ ಮನ್ಯಾಗ ಬೀಳತೈತೋ ಅವರ ಡಬ್ಬಿಗೆ. ಇದರ ಮ್ಯಾಲ ನನ್ನ ಕಡೆ ಬರಬ್ಯಾಡ್ರಿ.”

ಮಳೆ ಎಲ್ಲಿ ಬೀಳುತ್ತದೋ ಅಲ್ಲಿ ಬೆಳೆ ಎಂಬಷ್ಟು ಸರಳ ನ್ಯಾಯ ಇದು ಎಂದು ಅವಳು ಅಂದುಕೊಂಡಳು. ಪ್ರಯೋಗಶಾಲೆಯಲ್ಲಿ ಎಲ್ಲವನ್ನೂ ಅಳೆದು ನೋಡುವವಳಿಗೆ ಹೊಟ್ಟೆಕಿಚ್ಚನ್ನು ಅಳೆಯುವುದು ಹೊಳೆಯಲಿಲ್ಲ.

ಬೇಸಿಗೆ ರಜೆ ಹತ್ತಿರ ಬಂದಾಗ ಬಾಳವ್ವನ ಮೇಲಿನ ಮುಂದಿನ ಹಲ್ಲೊಂದು ತುಸುವೇ ಅಲುಗಲು ಶುರುವಾಯಿತು. ಅಲುಗುವುದೆಂದರೆ, ನಾಲಿಗೆಯಿಂದ ನೂಕಿದರೆ ಹೂಂ ಎನ್ನುವಷ್ಟು. ರಜೆಗೆ ಮಗು ಗೋಕಾಕಕ್ಕೆ ಹೋಗುವುದು ಖಚಿತ. ಅಲ್ಲಿ ಕರದಂಟಿಗೇನು ಕೊರತೆ? ಮೇಲಿನ ಹಲ್ಲೂ ಗೋಕಾಕದವಳ ಪಾಲೇ ಎಂದು ಪಲ್ಲವಿಯವರಿಗೆ ಅನಿಸಿತು. ತಮಗೆ ಹಲ್ಲು ಬರದಿರುವುದಕ್ಕಿಂತ ಬೀಗಿತ್ತಿಗೆ ಬರುವುದೇ ಹೆಚ್ಚು ಸಂಕಟ ಎಂಬುದು ಅವರಿಗೂ ಗೊತ್ತಾಗುತ್ತಿತ್ತು. ಗೊತ್ತಾದರೆ ಕಿಚ್ಚು ಆರುತ್ತದೆಯೇ?

ಅಂದಿನಿಂದ ಧಾರವಾಡದ ಮನೆಯಲ್ಲಿ ಮೆತ್ತಗಿನ ಅಡುಗೆ ನಿಂತಿತು. ಬಿಸಿ ರೊಟ್ಟಿಯ ಜಾಗದಲ್ಲಿ ಕಟಿ ರೊಟ್ಟಿ ಬಂದವು, ಪೇಡೆಯ ಜಾಗದಲ್ಲಿ ಕಬ್ಬಿನ ಗಣಿಕೆ. ಹಿತ್ತಲಿನ ಮರದ ಕಾಯಿಪೇರಲವನ್ನು ಹೆಚ್ಚದೆ ಇಡಿಯಾಗಿಯೇ ಬಾಳವ್ವನ ಕೈಗೆ ಕೊಡುತ್ತಿದ್ದರು. ಬೆಳಿಗ್ಗೆ ತಲೆ ಬಾಚುವ ನೆಪದಲ್ಲಿ ಬೆರಳು ಹಾಕಿ ಹಲ್ಲನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ ನೋಡುತ್ತಿದ್ದರು. ಹಲ್ಲು ಅಲುಗಿತು, ಬೀಳಲಿಲ್ಲ.

ಮಗುವನ್ನು ಗೋಕಾಕಕ್ಕೆ ಕಳಿಸುವ ಹಿಂದಿನ ದಿನ ಮಧ್ಯಾಹ್ನ ಮನೆಯಲ್ಲಿ ಅವರಿಬ್ಬರೇ ಇದ್ದರು. ಪಲ್ಲವಿಯವರು ಹೊಲಿಗೆಯ ಪೆಟ್ಟಿಗೆಯಿಂದ ರೇಷ್ಮೆ ದಾರ ತೆಗೆದರು.

“ಬಾಳವ್ವಾ, ಹೆಂಗೂ ಬೀಳೋ ಹಲ್ಲು. ನಾವು ಒಂದ ಚೂರು ಸಹಾಯ ಮಾಡೂಣು, ಆತಿಲ್ಲ? ನೋವಾಗಂಗಿಲ್ಲ.”

ದಾರದ ಒಂದು ತುದಿ ಹಲ್ಲಿಗೆ, ಇನ್ನೊಂದು ತುದಿ ಬಾಗಿಲಿನ ಚಿಲಕಕ್ಕೆ. ಬಾಗಿಲು ಬಡಿಯಿತು. ಮಗು ಅಳಲಿಲ್ಲ, ಬಾಯಿ ತುಂಬಿದ ರಕ್ತವನ್ನು ನುಂಗಿ ಆಯಿಯ ಮುಖವನ್ನೇ ನೋಡಿತು. ಪಲ್ಲವಿಯವರು ಅವಳ ಬಾಯಿ ತೊಳೆಸಿ, ಎರಡು ಪೇಡೆ ಕೈಗಿಟ್ಟು, ಯಾರಾದರೂ ಕೇಳಿದರೆ ತಾನೇ ಬಿತ್ತು ಎನ್ನಬೇಕೆಂದು ಹೇಳಿಕೊಟ್ಟರು. ಹಲ್ಲಿಗೆ ಅರ್ಧ ಬೇರು ಇನ್ನೂ ಅಂಟಿಕೊಂಡಿತ್ತು. ಡಬ್ಬಿಗೆ ಹಾಕಿದಾಗ ಹಳದಿ ದೀಪ ಹತ್ತಿತು.

ಹಳದಿ ದೀಪದ ಹಲ್ಲನ್ನು ಬಳಸಬಾರದು ಎಂದು ನಿಯಮ ಮಾಡಿದವಳೇ ಇಂಚರಾ. ಆದರೆ ಅದೇ ವಾರ ಪುಣೆಯ ಇನ್ನೊಂದು ತಂಡ ಅರೆಬರೆ ಕರೆಯಿರುವ ಹಲ್ಲಿನಿಂದಲೂ ಬೀಜ ಮಾಡಲು ಹೊರಟಿದೆ ಎಂಬ ಸುದ್ದಿ ಅವಳ ಕಿವಿಗೆ ಬಿದ್ದಿತ್ತು. ಆ ತಂಡದ ಮುಂದಾಳು ಅವಳ ಜತೆಯಲ್ಲೇ ಓದಿದವನು. ಅವನು ಮೊದಲು ಸಾಧಿಸಿದರೆ ಎಂಬ ಕಿಚ್ಚು ಅವಳಿಗೂ ಇತ್ತು. ಕೆಲವು ಹಲ್ಲು ತುಸು ಬೇಗ ಬೀಳುವುದುಂಟು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಹೆಚ್ಚು ಏನನ್ನೂ ಕೇಳದೆ, ಆ ಹಲ್ಲನ್ನು ಪ್ರಯೋಗಶಾಲೆಗೆ ಒಯ್ದಳು.

ದೀಪಾವಳಿಗೆ ಪಲ್ಲವಿಯವರ ಒಸಡು ಸೀಳಿ ಹಲ್ಲಿನ ತುದಿ ಕಂಡಿತು. ಸಂಕ್ರಾಂತಿಯ ಹೊತ್ತಿಗೆ ಪೂರ್ತಿ ಇಳಿದಿತ್ತು, ಕಚ್ಚು ಕಚ್ಚಾದ ಅಂಚಿನ ಅಗಲವಾದ ಹಲ್ಲು. ಅವರು ಹಿತ್ತಲಿಗೆ ಹೋಗಿ ಒಂದು ಹದವಾದ ಪೇರಲ ಕಿತ್ತು ತಂದರು. ಗೋಡೆಯ ಪರದೆ ಹಚ್ಚಿ, ಗೋಕಾಕದವರು ಎದುರು ಬಂದ ಮೇಲೆಯೇ ಕಚ್ಚಿದರು. ಬೀಜ ಹಲ್ಲಿಗೆ ಸಿಕ್ಕಿ ನುರಿಯಿತು. ಹತ್ತು ವರ್ಷದ ಮೇಲೆ ಆ ಸದ್ದು ತಮ್ಮ ಬಾಯಿಂದ ಬಂದದ್ದಕ್ಕೆ ಅವರ ಕಣ್ಣಲ್ಲಿ ನೀರೂ ಬಂದಿತು.

“ಚಲೋ ಆತ್ರಿ ಬೀಗತ್ಯಾರ,” ಎಂದರು ಭಾಗ್ಯಶ್ರೀ. ಹೇಳುವಾಗ ಅವರ ಮುಖ ಹರಳೆಣ್ಣೆ ಕುಡಿದವರ ಹಾಗಿತ್ತು. ಪಲ್ಲವಿಯವರಿಗೆ ಹಣ್ಣಿಗಿಂತ ಅದೇ ರುಚಿಯಾಯಿತು.

ಈ ಸಂಭ್ರಮದಲ್ಲಿ ಬಾಳವ್ವನ ಬಾಯಿಯನ್ನು ನೋಡುವವರು ಇರಲಿಲ್ಲ. ಕಿತ್ತ ಹಲ್ಲಿನ ಜಾಗ ಹಾಗೇ ಖಾಲಿಯಿತ್ತು. ಅದರ ಪಕ್ಕದ ಮುಂದಿನ ಹಲ್ಲು ಮಳೆಗಾಲದಲ್ಲಿ ಒಂದು ದಿನ ಶಾಲೆಯ ಮೈದಾನದಲ್ಲಿ ಆಡುವಾಗ ಎಲ್ಲೋ ಬಿದ್ದು ಮಣ್ಣು ಸೇರಿತ್ತು. ಯಾರ ಡಬ್ಬಿಗೂ ಸಿಗದೆ ಹೋಯಿತಲ್ಲ ಎಂದು ಇಬ್ಬರು ಅಜ್ಜಿಯರೂ ಅಂದು ಒಂದೇ ದನಿಯಲ್ಲಿ ಹಳಹಳಿಸಿದ್ದರು. ಬೀಗಿತ್ತಿಯರು ಒಂದೇ ದನಿಯಲ್ಲಿ ಮಾತಾಡಿದ್ದು ಅದೊಂದೇ ಸಲ. ಆ ಜಾಗದಲ್ಲಿ ದಸರೆಯೊಳಗೇ ಹೊಸ ಹಲ್ಲು ಬಂದುಬಿಟ್ಟಿತು. ಮೊದಲು ಹೋದದ್ದರ ಜಾಗ ಮಾತ್ರ ಖಾಲಿಯೇ. ಬರಬರುತ್ತ ಎರಡೂ ಕಡೆಯ ಹಲ್ಲು ಆ ಸಂದಿಗೆ ವಾಲತೊಡಗಿದವು.

ಬಾಳವ್ವ ನಗುವಾಗ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಯುವುದನ್ನು ಕಲಿತಳು. ತರಗತಿಯ ಹುಡುಗಿಯರಿಗೆಲ್ಲ ಹಲ್ಲು ಬಂದಿತ್ತು. ಅವರ ಬಾಯಿಗಳನ್ನು ಅವಳು ಕದ್ದು ನೋಡುತ್ತಿದ್ದಳು. ಆಮೇಲಾಮೇಲೆ ಆಯಿಯ ಬಾಯಿಯನ್ನೂ ನೋಡತೊಡಗಿದಳು. ಆಯಿ ಕಬ್ಬು ಸಿಗಿಯುವಾಗ, ಶೇಂಗಾ ಕಡಿಯುವಾಗ, ಫೋನಿನಲ್ಲಿ ನಗುವಾಗ. ಮೊಮ್ಮಗಳು ಅಷ್ಟು ಹೊತ್ತು ತನ್ನನ್ನೇ ನೋಡುವುದು ಅಕ್ಕರೆಯಿಂದ ಎಂದು ಪಲ್ಲವಿಯವರು ತಿಳಿದಿದ್ದರು.

ಒಂದು ಸಂಜೆ ಅವರು ಹಿತ್ತಲ ಕಟ್ಟೆಯ ಮೇಲೆ ಪೇರಲ ತಿನ್ನುತ್ತ ಕೂತಿದ್ದರು. ಬಾಳವ್ವ ಬಂದು ಎದುರು ನಿಂತಳು.

“ಆಯಿ, ಬಾಯಿ ತಗಿ.”

ಅವರು ನಗುತ್ತ ತೆರೆದರು. ಮಗು ಬೆರಳು ಹಾಕಿ ಆ ಹಲ್ಲನ್ನು ಹಿಂದಕ್ಕೂ ಮುಂದಕ್ಕೂ ಆಡಿಸಲು ನೋಡಿತು, ಒಂದಾನೊಂದು ಬೇಸಿಗೆಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಆಯಿ ತನಗೆ ಮಾಡುತ್ತಿದ್ದ ಹಾಗೆಯೇ. ಹಲ್ಲು ಗಟ್ಟಿಯಾಗಿತ್ತು.

“ಇದು ನನ್ನ ಹಲ್ಲು. ನನಗ ವಾಪಸ್ ಕೊಡು,” ಎಂದಳು ಬಾಳವ್ವ.

ನಿನ್ನದೂ ಬರುತ್ತದೆ, ಸ್ವಲ್ಪ ತಡ ಅಷ್ಟೇ ಎಂದು ಪಲ್ಲವಿಯವರು ತೊದಲಿದರು.

“ಸಾಲ್ಯಾಗ ತಾನ ಬಿದ್ದದ್ದು ತಿರುಗಿ ಬಂತು. ನೀ ದಾರಾ ಕಟ್ಟಿ ಕಿತ್ತದ್ದು ನಿನಗ ಬಂತು, ನನಗ ಬರಲಿಲ್ಲ. ನೀ ನಕ್ಕಾಗೊಮ್ಮೆ ನನಗ ಹೊಟ್ಟಿ ಉರೀತೈತಿ ಆಯಿ.”

ಕೆಲಸದಿಂದ ಆಗಷ್ಟೇ ಬಂದ ಇಂಚರಾ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಮಗಳ ಮಾತು ಅವಳಿಗೂ ಕೇಳಿಸಿತು. ಕೈಯಲ್ಲಿದ್ದ ಚೀಲವನ್ನು ಅಲ್ಲೇ ಇಟ್ಟು, ಮಗಳನ್ನು ಬೆಳಕಿಗೆ ತಿರುಗಿಸಿ ಒಸಡನ್ನು ಒತ್ತಿ ನೋಡಿದಳು. ಮರುದಿನ ಕೇಂದ್ರಕ್ಕೆ ಕರೆದೊಯ್ದು ದವಡೆಯ ಚಿತ್ರ ತೆಗೆಸಿದಳು. ಶಾಶ್ವತ ಹಲ್ಲು ಒಳಗೇ ಇತ್ತು. ಆದರೆ ಮೇಲಿನ ಒಸಡು ಅಂಗಾಲಿನ ಚರ್ಮದಂತೆ ಗಡುಸಾಗಿ ಮುಚ್ಚಿಕೊಂಡಿತ್ತು. ದಾರಿ ಸಿಗದ ಹಲ್ಲು ಓರೆಯಾಗಿ ಮೂಗಿನ ಕಡೆಗೆ ಮುಖ ಮಾಡಿ ಮಲಗಿತ್ತು.

ಸಂಜೆ ಮನೆಗೆ ಬಂದು ಅವಳು ಅತ್ತೆಯ ಎದುರು ಕೂತಳು. ದಾರ ಕಟ್ಟಿದ್ದು ಹೌದೇ ಎಂದು ಕೇಳಿದಳು.

“ಹೂಂ ನಮ್ಮವ್ವಾ, ಕಟ್ಟಿದೆ,” ಎಂದರು ಪಲ್ಲವಿ. “ನಿಮ್ಮವ್ವ ಕರದಂಟು ಕಡಿಯೋದ ನೋಡಿ ನನಗ ತಡಕೊಳ್ಳಾಕ ಆಗಲಿಲ್ಲ.”

ಇಂಚರಾಳಿಗೆ ಸಿಟ್ಟು ಬಂದಿತ್ತು. ಆದರೆ ಹಳದಿ ದೀಪವನ್ನು ತಾನೂ ನೋಡಿದ್ದಳು, ನೋಡಿಯೂ ಸುಮ್ಮನಿದ್ದಳು. ಅತ್ತೆಯ ಕಿಚ್ಚಿಗೆ ಗೋಕಾಕ, ತನ್ನ ಕಿಚ್ಚಿಗೆ ಪುಣೆ. ಬೈಯದೆ, ಆಗಿದ್ದೇನು ಎಂದು ತಿಳಿಸಿ ಹೇಳಿದಳು.

“ನಿಮ್ಮ ಕಾಲದಾಗ ಬಸ್ಸಿನ ಕಿಡಕಿಯಿಂದ ಟಾವೆಲ್ ಒಗದು ಸೀಟು ಹಿಡೀತಿದ್ರಂತಲ್ಲ ಅತ್ತಿ, ಹಾಲುಹಲ್ಲಿನ ಕೆಲಸಾನೂ ಅದ. ಬರೋರಿಗೆ ಜಾಗಾ ಹಿಡಿದಿಟ್ಟು, ಅವರನ್ನ ಕರದು, ಅವರು ಬಂದ ಮ್ಯಾಲ ತಾನು ಇಳೀತೈತಿ. ನೀವು ಟಾವೆಲ್ ಮೊದಲ ಎತ್ತಿದ್ರಿ. ಕರೆ ಅರ್ಧಕ್ಕ ನಿಂತಿತು. ಉಳಿದರ್ಧ ನಿಮ್ಮ ದವಡ್ಯಾಗ ಕೂಗಿತು.”

ಪಲ್ಲವಿಯವರು ನಾಲಿಗೆಯ ತುದಿಯಿಂದ ಆ ಹಲ್ಲನ್ನು ಮುಟ್ಟಿ ನೋಡಿಕೊಂಡರು. ಆಮೇಲೆ ಇದನ್ನು ಕಿತ್ತು ಅವಳಿಗೆ ಹಚ್ಚಲು ಬರುವುದಿಲ್ಲವೇ ಎಂದು ಕೇಳಿದರು.

“ಬರಂಗಿಲ್ಲರೀ. ಅದು ಈಗ ನಿಮ್ಮ ಹಲ್ಲು.”

ಅವತ್ತಿನಿಂದ ಪಲ್ಲವಿಯವರು ಆ ಹಲ್ಲಿನಿಂದ ಏನನ್ನೂ ಕಡಿಯಲಿಲ್ಲ. ಮೊಮ್ಮಗಳ ಹಲ್ಲು ಬರುವ ತನಕ ಇಲ್ಲ ಎಂದು ದೇವರ ಮುಂದೆ ಹೇಳಿಕೊಂಡರಂತೆ. ಪೇರಲ ಮತ್ತೆ ಎಳೆ ಎಳೆಯಾಗಿ ಹೆಚ್ಚುವ ಕಾಲ ಬಂತು. ಹಲ್ಲಿನ ಅಂಚಿನ ಕಚ್ಚುಗಳು ಸವೆಯದೆ ಹಾಗೇ ಉಳಿದವು.

ಇಂಚರಾ ಕೇಂದ್ರಕ್ಕೆ ಹೋಗಿ ನಿಯಮ ಬದಲಿಸಿದಳು. ಮಗುವಿನ ಹೊಸ ಹಲ್ಲಿನ ತುದಿ ಒಸಡಿನಲ್ಲಿ ಕಂಡ ಮೇಲೆ ಮಾತ್ರ ಹಾಲುಹಲ್ಲನ್ನು ಸ್ವೀಕರಿಸಬೇಕು. ಓದಲು ಸರಳವಾದ ನಿಯಮ. ಆದರೆ ಹೊಸ ಹಲ್ಲಿನ ತುದಿ ಕಾಣುವ ಹೊತ್ತಿಗೆ ಕರೆ ಮುಗಿದಿರುತ್ತದೆ. ಓಗೊಟ್ಟು ಬಂದಾದ ಮೇಲೆ ಯಾರು ಕರೆಯುತ್ತ ನಿಲ್ಲುತ್ತಾರೆ? ಹೀಗೆ ಅವಳು ತನ್ನ ಆವಿಷ್ಕಾರದ ಬಾಯಿಗೆ ತಾನೇ ಬೀಗ ಹಾಕಿದಳು. ಹಿರಿಯ ನಾಗರಿಕರ ಸಂಘಗಳು ಮೆರವಣಿಗೆ ಮಾಡಿದವು. ಡಾಕ್ಟರ ಮನೆಯ ಅಜ್ಜಿಯರಿಗೆ ಮೂರು ಹಲ್ಲು, ನಮಗೆ ಒಂದೂ ಇಲ್ಲವೇ ಎಂದು ಕೆಲವರು ಪತ್ರಿಕೆಗಳಲ್ಲಿ ಬರೆದರು. ಮುದುಕರ ದವಡೆಯಲ್ಲೇ ಎಲ್ಲಾದರೂ ಹಳೆಯ ಮೊಗ್ಗಿನ ಚೂರು ಉಳಿದಿರಬಹುದೇ ಎಂದು ಹುಡುಕುವ ಕೆಲಸಕ್ಕೆ ಅವಳು ಮೊದಲಿನಿಂದ ಕೂತಳು.

ಬಾಳವ್ವನ ಗಡುಸಾದ ಒಸಡನ್ನು ವೈದ್ಯರು ಸಣ್ಣಗೆ ಕೊಯ್ದು ದಾರಿ ಮಾಡಿದರು. ವಾಲಿದ ಹಲ್ಲುಗಳನ್ನು ತಂತಿ ಹಾಕಿ ಹಿಂದೆ ಸರಿಸಿದರು. ನಾಗರಪಂಚಮಿಯ ಹೊತ್ತಿಗೆ ಹಲ್ಲು ಬಂದಿತು, ಸ್ವಲ್ಪ ಓರೆಯಾಗಿಯೇ.

ಪಂಚಮಿಗೆ ಇಂಚರಾ ಮಗಳೊಂದಿಗೆ ತವರಿಗೆ ಹೊರಟಾಗ ಪಲ್ಲವಿಯವರೂ ಜತೆಗೆ ಹೊರಟರು. ಗೋಕಾಕದ ಫಾಲ್ಸ್ ನೋಡಿ ಬಹಳ ದಿನವಾಯಿತು ಎಂದರು. ಬಾಳವ್ವನ ಇನ್ನೊಂದು ಹಲ್ಲು ಅಲುಗುತ್ತಿರುವುದು ಎಲ್ಲರಿಗೂ ಗೊತ್ತಿತ್ತು. ನಿಯಮ ಏನೇ ಇರಲಿ, ಭಾಗ್ಯಶ್ರೀಯವರ ಕಪಾಟಿನಲ್ಲಿ ಹಳೆಯ ಡಬ್ಬಿ ಇನ್ನೂ ಬೆಚ್ಚಗಿತ್ತು ಎಂಬುದೂ ಗೊತ್ತಿತ್ತು.

ಅಂಗಳದ ಮರಕ್ಕೆ ಜೋಕಾಲಿ ಕಟ್ಟಿದ್ದರು. ಬಾಳವ್ವ ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಶೇಂಗಾ ಉಂಡಿ ಹಿಡಿದು ಜೀಕುತ್ತಿದ್ದಳು. ಒಮ್ಮೆ ಉಂಡಿ ಕಚ್ಚಿದವಳು ಕಾಲೂರಿ ಜೋಕಾಲಿ ನಿಲ್ಲಿಸಿ, ಬಾಯಿಂದ ಏನನ್ನೋ ತೆಗೆದು ಅಂಗೈಯಲ್ಲಿಟ್ಟುಕೊಂಡಳು. ಚಿಕ್ಕ ಹಲ್ಲು, ಬೇರಿಲ್ಲದ್ದು. ತಾನೇ ಬಿದ್ದದ್ದು. ಡಬ್ಬಿಗೆ ಹಾಕಿದರೆ ಹಸಿರು ದೀಪ ಹತ್ತುವುದರಲ್ಲಿ ಸಂಶಯವಿರಲಿಲ್ಲ.

ಕಟ್ಟೆಯ ಮೇಲೆ ಕೂತಿದ್ದ ಇಬ್ಬರು ಅಜ್ಜಿಯರೂ ಎದ್ದು ನಿಂತರು. ಭಾಗ್ಯಶ್ರೀಯವರು ಬೀಗಿತ್ತಿಯ ಬಾಯಿ ನೋಡಿದರು, ಪಲ್ಲವಿಯವರು ಕಪಾಟಿರುವ ಕೋಣೆಯ ಬಾಗಿಲನ್ನು ನೋಡಿದರು. ಇಂಚರಾ ಅಡುಗೆಮನೆಯ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದಳು.

ಬಾಳವ್ವ ಇಬ್ಬರ ಮುಖವನ್ನೂ ನೋಡಿದಳು.

“ಆಯಿ, ನಿಮ್ಮ ಅಜ್ಜಿ ನಿನ್ನ ಹಲ್ಲು ಏನ ಮಾಡಿದ್ದಳು?”

ಪಲ್ಲವಿಯವರಿಗೆ ಸುಳ್ಳು ಹೇಳಲು ಒಂದು ಕ್ಷಣ ಸಿಕ್ಕಿತ್ತು. “ಸಗಣಿ ಉಂಡ್ಯಾಗ ಇಟ್ಟು ಹಂಚಿನ ಮ್ಯಾಲ ಒಗದಿದ್ದಳವ್ವಾ. ಇಲೀ ಇಲೀ ಹಳೇದು ತಗೋ, ಹೊಸಾದು ಕೊಡು ಅಂತ.”

ಮಗು ದನದ ಕೊಟ್ಟಿಗೆಯ ಕಡೆ ಓಡಿ, ಸಗಣಿಯ ಉಂಡೆಯಲ್ಲಿ ಹಲ್ಲನ್ನು ಹುದುಗಿಸಿ ತಂದಳು. ಕೈ ಬೀಸಿ ಎಸೆದಳು. ಉಂಡೆ ಹಂಚಿನ ಮೇಲೆ ಬಿದ್ದು ತುಸು ಜಾರಿ ನಿಂತಿತು. ಬಾಳವ್ವ ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕು ಮತ್ತೆ ಜೋಕಾಲಿ ಏರಿದಳು. ಬೀಗಿತ್ತಿಯರು ಮಾತ್ರ ಹಂಚನ್ನೇ ನೋಡುತ್ತ ನಿಂತರು. ಇಬ್ಬರಿಗೂ ಆ ಇಲಿಯ ಮೇಲೆ ಹೊಟ್ಟೆಕಿಚ್ಚಾಯಿತು.

ಈ ಕತೆಯ ಪಲ್ಲವಿ ಇವತ್ತು ಇಪ್ಪತ್ತರ ಆಚೀಚಿನ ಹುಡುಗಿ. ಧಾರವಾಡದ ಬಸ್ಸಿನಲ್ಲಿ ನಿಮ್ಮ ಪಕ್ಕದಲ್ಲೇ ಕೂತು, ಮುಂದಿನ ಹಲ್ಲಿನಿಂದ ಪೇರಲ ಕಚ್ಚುತ್ತಿರಬಹುದು. ಅವಳ ಹಾಲುಹಲ್ಲು ಅಜ್ಜಿಯ ಮನೆಯ ಹಂಚಿನ ಸಂದಿಯಲ್ಲಿ ಇನ್ನೂ ಎಲ್ಲೋ ಇದ್ದೀತು. ಅದನ್ನು ಎಸೆದ ಆ ಅಜ್ಜಿಯ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ, ಎಲೆಅಡಿಕೆಯನ್ನು ಕುಟ್ಟಿಕೊಂಡು ತಿನ್ನುತ್ತಿದ್ದರು. ಮೊಮ್ಮಗಳ ಹಲ್ಲು ತನಗೆ ಬಂದೀತು ಎಂಬುದು ಅವರಿಗೆ ಗೊತ್ತಿರಲಿಲ್ಲ, ಆದ್ದರಿಂದ ಎಸೆದರು ಎಂದು ಹೇಳಬಹುದು. ಗೊತ್ತಿದ್ದರೆ ಏನು ಮಾಡುತ್ತಿದ್ದರು ಎಂದು ಕೇಳಲು ಈಗ ಅವರಿಲ್ಲ. ನಾವಿದ್ದೇವೆ, ನಮ್ಮ ಮನೆಯಲ್ಲೂ ಯಾವುದೋ ಮಗುವಿನ ಹಲ್ಲು ಅಲುಗುತ್ತಿದೆ.